ನೆರೂಳಿನ ಆ ರಾತ್ರಿ

ಠಾಣೆಯ ಕೋಪರಿಯಲ್ಲಿ ಬೆಳಗಿನ ಚಹಾ ಮುಗಿಸಿ ಲೋಕಲ್ ಹಿಡಿದರೆ ಬಿಸಿಲೇರುವ ಮೊದಲೇ ನೆರೂಳ್. ಅಲ್ಲಿನ ಡಿ.ವೈ. ಪಾಟೀಲ ಮೈದಾನದಲ್ಲೇ 2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಕ್ರಿಕೆಟ್ ವಿಶ್ವಕಪ್ ಎತ್ತಿದ್ದು.

ಆ ರಾತ್ರಿ ನನಗೆ ನೆನಪಾದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ. 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡದ ನಾಯಕಿ. ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ಬೋಗಿಗಳಲ್ಲಿ ಊರೂರು ಸುತ್ತಿ ಆಡಿದವರು. ಪಂದ್ಯದ ಸಂಭಾವನೆಯೇ? ಅಯ್ಯೋ, ಆ ಮಾತು ಬಿಡಿ! ಶಾಂತಾ ಅವರು ಆಟ ಬಿಟ್ಟ ಮೇಲೂ ಸುಮ್ಮನಾಗಲಿಲ್ಲ; 2019ರಲ್ಲಿ ಬಿಸಿಸಿಐನ ಉನ್ನತ ಮಂಡಳಿಯಲ್ಲಿ (ಅಪೆಕ್ಸ್ ಕೌನ್ಸಿಲ್) ಆಟಗಾರ್ತಿಯರ ಪರವಾಗಿ ಕುಳಿತರು. ಹೆಣ್ಣಿಗೂ ಗಂಡಿಗೂ ಒಂದೇ ಪಂದ್ಯಶುಲ್ಕ, ಟೆಸ್ಟಿಗೆ 15 ಲಕ್ಷ, ಎಂಬ ತೀರ್ಮಾನ ಬಂದದ್ದು 2022ರಲ್ಲಿ.

ನಮ್ಮಲ್ಲಿ ಸಮಾನತೆಯ ಈ ಹೆಜ್ಜೆ ಇಷ್ಟು ತಡವಾದರೆ, ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಲಿಂಗಭೇದ ಮಾಡಕೂಡದೆಂಬ ಕಾನೂನು 1972ರಲ್ಲೇ ಬಂತು. ಅದಕ್ಕಾಗಿ ದುಡಿದ ಅಲ್ಲಿನ ಸಂಸದೆ ಪ್ಯಾಟ್ಸಿ ಮಿಂಕ್, ಹೆಣ್ಣೆಂಬ ಕಾರಣಕ್ಕೆ ವೈದ್ಯಕೀಯ ಕಾಲೇಜುಗಳ ಬಾಗಿಲಿನಿಂದ ಹಿಂದಿರುಗಿದವರು. ಹುಡುಗಿಯರಿಗೆ ಆಟದ ಬಯಲನ್ನೂ ತೆರೆದದ್ದು ಆ ಕಾನೂನೇ.

ಇಲ್ಲೋ, ವಿಶ್ವಕಪ್ ಗೆದ್ದ ಮೇಲೂ ನಮ್ಮ ಎಷ್ಟೋ ಶಾಲೆಗಳ ಆಟದ ಪೀರಿಯಡ್ಡಿನಲ್ಲಿ ಹುಡುಗರಿಗೆ ಬ್ಯಾಟು, ಹುಡುಗಿಯರಿಗೆ ಬದಿಯ ಕಟ್ಟೆ. ಇಂದು ಮಗಳು ಶಾಲೆಯಿಂದ ಬಂದಾಗ ಕೇಳಿ ನೋಡಿ: ಚೆಂಡು ನಿನ್ನ ಕೈಗೂ ಬಂತೇನಮ್ಮಾ?