ಸ್ಥಳಕ್ಕೆ ನುಡಿಗೊಡುವ ಕಾಯಕ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಸ್ಥಳಾಧಾರಿತ ಡಿಜಿಟಲ್ ಮಾಧ್ಯಮವೂ ಸಮಾಜವೂ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಪಾಠಶಾಲೆಯಲ್ಲಿ ವ್ಯಾಕರಣ ಸಿದ್ಧಾಂತಗಳನ್ನು ಓದಿಕೊಂಡವನಿಗೆ ಈ ವಿಷಯವೇಕೆಂದು ಕೆಲವರು ಆಶ್ಚರ್ಯಪಟ್ಟಾರು. ಆದರೆ ಸ್ಥಲವೆಂಬ ಶಬ್ದವು ನಮಗೆ ಹೊಸತಲ್ಲ. ಷಟ್‌ಸ್ಥಲಸಿದ್ಧಾಂತದಲ್ಲಿ ಅದು ಭಕ್ತನಿಂದ ಐಕ್ಯನವರೆಗಿನ ಅಂತರಂಗದ ನೆಲೆಗಳನ್ನು ಹೇಳುತ್ತದೆ. ಅದೇ ಶಬ್ದವು ಲೋಕರೂಢಿಯಲ್ಲಿ ಸ್ಥಳವೆಂದಾಗಿ, ನಾವು ಕಾಲೂರಿ ನಿಂತ ನೆಲವನ್ನು ಹೇಳುತ್ತದೆ. ಈ ನೆಲಕ್ಕೆ ಇಂದು ಯಂತ್ರದ ಮೂಲಕ ಬಾಯಿ ಬಂದಿದೆ. ಆ ಬಾಯಿಂದ ಯಾರ ಮಾತು ಹೊರಡತಕ್ಕದ್ದು ಎಂಬದೇ ಇಂದಿನ ಪ್ರಶ್ನೆ.

ಮೊದಲು ಯಂತ್ರದ ಬಗೆಯನ್ನು ತಿಳಿಯೋಣ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕೆಯ ಜಿಪಿಎಸ್ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ತಾನು ಎಲ್ಲಿರುವೆನು, ಈಗ ವೇಳೆ ಎಷ್ಟು ಎಂಬದನ್ನು ಪ್ರತಿಯೊಂದೂ ಎಡೆಬಿಡದೆ ಸಾರುತ್ತದೆ. ನಮ್ಮ ಕೈಯ ಮೊಬೈಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಅವು ತನ್ನನ್ನು ಮುಟ್ಟಲು ತೆಗೆದುಕೊಂಡ ಕಾಲವನ್ನು ಎಣಿಸಿ, ತಾನಿರುವ ಜಾಗವನ್ನು ನಿಶ್ಚಯಿಸಿಕೊಳ್ಳುತ್ತದೆ. ಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಪದ್ಧತಿಯನ್ನು ಅಮೆರಿಕೆಯ ಸರ್ಕಾರವು 2000ನೆಯ ಇಸವಿಯ ಮೇ ತಿಂಗಳಲ್ಲಿ ನಿಲ್ಲಿಸಿತು. ಅಂದಿನಿಂದ ಇಂತಹ ಜಾಗಕ್ಕೆ ಬಂದವನಿಗೆ ಇಂತಹ ಮಾತು ಕೇಳಿಸಲಿ ಎಂದು ಏರ್ಪಡಿಸುವದು ಸುಲಭಸಾಧ್ಯವಾಯಿತು.

ಇದರ ಸತ್ಪ್ರಯೋಗಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕ್ವೀನ್ ಸ್ಕ್ವೇರ್ ಎಂಬ ಚೌಕವಿದೆ. ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯನ್ನು ಪಾರ್ಲಿಮೆಂಟಿನ ಮೇಲ್ಮನೆಯು ತಿರಸ್ಕರಿಸಿದ ಕಾರಣ, 1831ರ ಅಕ್ಟೋಬರದಲ್ಲಿ ಆ ನಗರದ ಜನರು ಮೂರು ದಿನ ದಂಗೆಯೆದ್ದರು. ಚೌಕದ ಮನೆಗಳು ಸುಟ್ಟುಹೋದವು. ಕುದುರೆಯ ದಂಡು ಜನರ ಮೇಲೆ ಬಿದ್ದಿತು. ಮುಂದೆ ನಾಲ್ವರನ್ನು ಗಲ್ಲಿಗೇರಿಸಿದರು. ಇಂದು ಅಲ್ಲಿ ಹುಲ್ಲೂ ಮರಗಳೂ ಕಾಣುತ್ತವೆ. 2004ರಲ್ಲಿ ಲೇಖಕರು, ನಟರು, ಎಚ್‌ಪಿ ಸಂಸ್ಥೆಯ ಪ್ರಯೋಗಶಾಲೆಯವರು, ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕೂಡಿ ‘ರಾಯಟ್! 1831’ ಎಂಬ ಶ್ರಾವ್ಯನಾಟಕವನ್ನು ಆ ಚೌಕದಲ್ಲಿಯೇ ನಡೆಯಿಸಿದರು. ಪುಟ್ಟ ಗಣಕಯಂತ್ರವನ್ನು ಹೊತ್ತು, ಹೆಡ್‌ಫೋನ್ ತೊಟ್ಟು ನಡೆದವರಿಗೆ ನಿಂತ ಜಾಗಕ್ಕೆ ತಕ್ಕಂತೆ ಅಂದಿನ ಜನರ ದನಿಗಳು ಕೇಳಿಸುತ್ತಿದ್ದವು. ನಿಂತಲ್ಲೇ ನಿಂತವನಿಗೆ ಕಥೆ ಮುಂದುವರಿಯದು. ಹಿಡಿದ ದಾರಿಯಂತೆ ಕಥೆಯ ಕ್ರಮವು ಬೇರೆಯಾಗುವದು. ಸ್ಥಾವರವಾದ ಚೌಕವು ನಡೆಯುವವನಿಗೆ ಮಾತ್ರ ಮಾತಾಡಿತು! ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ನಮಗೆ ಇದರ ಸ್ವಾರಸ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಕೆಲಸ ಒಬ್ಬನಿಂದ ಆಗತಕ್ಕದ್ದಲ್ಲ. ಕವಿ, ನಟ, ಸಂಗೀತಗಾರ, ಯಂತ್ರಜ್ಞ ಎಲ್ಲರ ಕೈಯೂ ಅದಕ್ಕೆ ಬೇಕು. ಜಾಹೀರಾತು, ವಾಸ್ತುಶಿಲ್ಪ, ಕರಕುಶಲ, ಚಲನಚಿತ್ರ, ಸಂಗೀತ, ಪ್ರಕಾಶನ, ಸಾಫ್ಟ್‌ವೇರ್ ಮೊದಲಾದ 13 ವೃತ್ತಿಗಳನ್ನು ಬ್ರಿಟನ್ನಿನ ಸರ್ಕಾರವು 1998ರಲ್ಲಿ ಸೃಜನಶೀಲ ಉದ್ಯಮಗಳೆಂದು ಒಟ್ಟಾಗಿ ಎಣಿಸಿ, ಅವುಗಳಿಂದ ಸಂಪತ್ತೂ ಉದ್ಯೋಗವೂ ಹುಟ್ಟುವವೆಂದು ಸಾರಿತು. ಇದರಲ್ಲಿ ತಪ್ಪಿಲ್ಲ, ಕಲೆಗಾರನೂ ಕೂಲಿಗೆ ಅರ್ಹನೇ. ನೇಯುವ ದಾಸಿಮಯ್ಯನವರೂ ದೋಣಿ ನಡೆಸುವ ಚೌಡಯ್ಯನವರೂ ತಮ್ಮ ಕಸಬಿನೊಂದಿಗೇ ಅನುಭಾವಿಗಳಾದರು. ಆದರೆ ಶರಣರ ಕಾಯಕವು ಗಳಿಕೆಯಲ್ಲಿ ಮುಗಿಯುವದಿಲ್ಲ, ದಾಸೋಹದಲ್ಲಿ ಮುಗಿಯುತ್ತದೆ. ಈ ಅಂತರವನ್ನು ಮರೆತಲ್ಲಿ ಏನಾಗುತ್ತದೆಂಬದನ್ನು ಇನ್ನೊಂದು ಉದಾಹರಣೆಯು ತೋರಿಸುತ್ತದೆ.

2016ರಲ್ಲಿ ನಯಾಂಟಿಕ್ ಎಂಬ ಅಮೆರಿಕೆಯ ಸಂಸ್ಥೆಯು ‘ಪೋಕೆಮಾನ್ ಗೋ’ ಎಂಬ ಆಟವನ್ನು ಹೊರಡಿಸಿತು. ಆಟಗಾರನು ಊರೆಲ್ಲ ತಿರುಗಿ, ಮೊಬೈಲಿನ ಪರದೆಯಲ್ಲಿ ಮಾತ್ರ ಕಾಣುವ ಕಲ್ಪಿತ ಜೀವಿಗಳನ್ನು ಹಿಡಿಯಬೇಕು. ಮನೆಯೊಳಗೆ ಕುಳಿತಿದ್ದ ಮಕ್ಕಳನ್ನು ಹೊರಗೆ ನಡೆಯಿಸಿದ್ದು ಅದರ ಗುಣ. ಆದರೆ ಲಕ್ಷಾಂತರ ಯೆಹೂದ್ಯರು ಕೊಲ್ಲಲ್ಪಟ್ಟ ಪೋಲೆಂಡಿನ ಔಶ್ವಿಟ್ಸಿನಲ್ಲಿಯೂ, ಅಣುಬಾಂಬಿಗೆ ಗುರಿಯಾದ ಹಿರೋಶಿಮಾದ ಶಾಂತಿಸ್ಮಾರಕದಲ್ಲಿಯೂ ಅದೇ ಬೇಟೆ ನಡೆಯಿತು. ತಮ್ಮ ಆವರಣವನ್ನು ಆಟದಿಂದ ತೆಗೆಯಿರೆಂದು ಅಲ್ಲಿಯವರು ಕೇಳಿಕೊಳ್ಳಬೇಕಾಯಿತು. ಪೂಜಾಸ್ಥಳಗಳಲ್ಲಿ ಆಟದ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆಂಬ ದೂರಿನ ಮೇಲೆ ಗುಜರಾತದ ಹೈಕೋರ್ಟು ಅದೇ ವರ್ಷ ನೋಟೀಸು ಕೊಟ್ಟಿತು. ಆಟ ಕಟ್ಟಿದವರಲ್ಲಿ ದ್ವೇಷವಿದ್ದಿತೆಂದು ನಾನು ಹೇಳುವದಿಲ್ಲ. ಅವರಿಗೆ ಅದು ನಕ್ಷೆಯ ಮೇಲಿನ ಒಂದು ಬಿಂದು; ಅಲ್ಲಿಯವರಿಗೆ ಅದು ಕಣ್ಣೀರು ಬಿದ್ದ ನೆಲ, ಹಣೆಯಿಟ್ಟ ನೆಲ. ನೆಲದವರನ್ನು ಕೇಳದೆ ನೆಲಕ್ಕೆ ನುಡಿಗೊಟ್ಟುದೇ ಅಲ್ಲಿಯ ದೋಷ.

ವಿಚಾರಿಸಿ ನೋಡಿದರೆ, ಸ್ಥಳಕ್ಕೆ ನುಡಿಗೊಡುವ ಕಾಯಕವು ನಮ್ಮ ನಾಡಿಗೆ ಹಳೆಯದು. ಶಿಲಾಶಾಸನವೆಂದರೆ ಮತ್ತೇನು? ಬೆಂಗಳೂರೆಂಬ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ವೀರಗಲ್ಲಿನ ಶಾಸನವು ಬೇಗೂರಿನ ದೇವಾಲಯದಲ್ಲಿದೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದ ಬೆಂಗಳೂರು ಸೀಮೆಯ ಶಾಸನಗಳಲ್ಲಿ ಹಲವು, ನಗರವು ಬೆಳೆದಂತೆ ಕಾಣೆಯಾದವು. ಉಳಿದವನ್ನು ಮಿಥಿಕ್ ಸೊಸೈಟಿಯವರು 2021ರಿಂದ ಸ್ಕ್ಯಾನ್ ಮಾಡಿ, ಮೂರು ಆಯಾಮಗಳ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸತೊಡಗಿದರು. ಹೊಸ ವಿದ್ಯೆಯು ಹಳೆಯ ಕಲ್ಲಿಗೆ ಸಲ್ಲಿಸಿದ ದಾಸೋಹವೆಂದರೆ ಇದೇ.

ನಮ್ಮ ಮಠದ ಆವರಣದಲ್ಲಿಯೂ ಇಂತಹ ಏರ್ಪಾಡು ಆಗಲೆಂದು ತರುಣ ಭಕ್ತರು ಅಪೇಕ್ಷಿಸುತ್ತಿದ್ದಾರೆ. ನಾನು ಬೇಡವೆನ್ನುವದಿಲ್ಲ; ಆದರೆ ನಾಲ್ಕು ಅರಿಕೆಗಳಿವೆ. ಯಂತ್ರವನ್ನು ಕೊಳ್ಳುವ ಮೊದಲು, ಬಾವಿ, ದಾಸೋಹದ ಮನೆ, ಪಾಠಶಾಲೆಗಳ ಕಥೆಯನ್ನು ಬಲ್ಲ ಹಿರಿಯರ ಮಾತುಗಳನ್ನು ಬರೆದಿಡಿರಿ. ಯಂತ್ರವು ನಾಳೆಯೂ ಸಿಕ್ಕೀತು, ಆ ಹಿರಿಯರು ಸಿಕ್ಕಲಾರರು. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಹೇಳಿರಿ. ಭಕ್ತನು ಎಲ್ಲಿ ಬಂದನು, ಎಲ್ಲಿ ಹೋದನು ಎಂಬ ಲೆಕ್ಕವನ್ನು ಇಟ್ಟು ಮಾರುವವರ ಕೈಗೆ ಈ ಆವರಣವನ್ನು ಒಪ್ಪಿಸಬೇಡಿರಿ. ದುಡಿದ ಕಲೆಗಾರರಿಗೆ ತಕ್ಕ ಸಂಭಾವನೆಯನ್ನು ಕೊಟ್ಟು, ಅವರ ಹೆಸರನ್ನೂ ಹೇಳಿರಿ.

ಕೊನೆಯದಾಗಿ, ಕರ್ತೃಗದ್ದುಗೆಯ ಮುಂದೆ ಮಾತ್ರ ಯಂತ್ರವು ಸುಮ್ಮನಿರಲಿ. ಅಲ್ಲಿ ಸ್ಥಳವು ಮಾತಾಡಬೇಕಾಗಿಲ್ಲ; ಭಕ್ತನು ಮೌನದಿಂದ ನಿಂತರೆ ಸಾಕು. ಹೊರಗಿನ ಸ್ಥಳದಿಂದ ಒಳಗಿನ ಸ್ಥಲಕ್ಕೆ ದಾರಿ ತೆರೆಯುವದು ಅಲ್ಲಿಯೇ.