ಒಂದು ಕೋಣೆ, ಹಲವು ತರಗತಿ: ಹೊಸ ಶಿಕ್ಷಕರಿಗೆ ನೆರವು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಸಣ್ಣ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ನೇಮಕಗೊಂಡು ಬರುವ ಹೊಸ ಶಿಕ್ಷಕರನ್ನು ಮೊದಲು ಕಂಗೆಡಿಸುವುದು ಪಠ್ಯದ ಕಾಠಿಣ್ಯವಲ್ಲ, ಒಂದೇ ಕೋಣೆಯಲ್ಲಿ ಕುಳಿತ ಬೇರೆ ಬೇರೆ ತರಗತಿಗಳ ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು, ತರಗತಿಗಳಾದರೋ ಐದು. ಇದರ ಜೊತೆಗೆ ಮನೆಯಲ್ಲಿ ತೆಲುಗು, ಉರ್ದು ಅಥವಾ ತಮಿಳು ಆಡುವ ಮಕ್ಕಳೂ, ಮಗ್ಗದ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ವಲಸೆ ಬಂದು ವರ್ಷದ ನಡುವೆ ದಾಖಲಾಗುವ ಮಕ್ಕಳೂ ಅಲ್ಲಿರುತ್ತಾರೆ.

ಇಂಥ ಕೋಣೆಗೆಂದೇ ರೂಪುಗೊಂಡದ್ದು ನಲಿ-ಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಇದರಲ್ಲಿ ಪಾಠವನ್ನು ಮೈಲಿಗಲ್ಲುಗಳೆಂಬ ಸಣ್ಣ ಘಟ್ಟಗಳಾಗಿ ಒಡೆದು, ಪ್ರತಿ ಘಟ್ಟಕ್ಕೂ ಕಾರ್ಡುಗಳನ್ನು ಸಿದ್ಧಪಡಿಸಿ, ಅವುಗಳ ಅನುಕ್ರಮವನ್ನು ಕಲಿಕಾ ಏಣಿ ಎಂಬ ಗೋಡೆಪಟದಲ್ಲಿ ಚಿತ್ರಸಂಕೇತಗಳಿಂದ ತೋರಿಸಲಾಗುತ್ತದೆ. ಮಗು ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿ, ಆ ಸಂಕೇತದ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಕಾರ್ಡಿಗೆ ಗೊತ್ತುಪಡಿಸಿದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮತ್ತೊಂದಕ್ಕೆ ಸಹಪಾಠಿಗಳ ನೆರವು, ಮುಂದೆ ಸ್ವಕಲಿಕೆ ಎಂಬ ವಿಂಗಡಣೆಯಿರುವುದರಿಂದ ಶಿಕ್ಷಕರು ಇಡೀ ಕೋಣೆಗೆ ಏಕಕಾಲದಲ್ಲಿ ಪಾಠ ಹೇಳುವ ಅಗತ್ಯವೇ ಬೀಳುವುದಿಲ್ಲ.

ಅಕ್ಷರ ಕಲಿಸುವ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ಇಲ್ಲಿ ಮೊದಲಿಗೆ ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪೂರ್ಣ ಪದಗಳು ಹುಟ್ಟುವುದರಿಂದ ಕಾಗುಣಿತ, ಒತ್ತಕ್ಷರಗಳಿಗೆ ಕಾಯದೆ ಮಗು ಓದತೊಡಗುತ್ತದೆ. ಆದರೆ ಮನೆಯಲ್ಲಿ ಕನ್ನಡವಾಡದ ಮಗು ‘ಗರಗಸ’ವನ್ನು ತಪ್ಪಿಲ್ಲದೆ ಓದಿಯೂ ಅದು ಮರ ಕೊಯ್ಯುವ ಸಾಧನವೆಂದು ತಿಳಿಯದಿರಬಹುದಾದ್ದರಿಂದ, ಕಾರ್ಡಿಗೆ ಮೊದಲು ಆ ವಸ್ತುವನ್ನೋ ಚಿತ್ರವನ್ನೋ ತೋರಿಸಿ, ಮನೆಮಾತಿನಲ್ಲಿ ಅದರ ಹೆಸರನ್ನು ಮಗುವಿನಿಂದಲೇ ಹೇಳಿಸುವುದು ಒಳ್ಳೆಯದು. ಕಾರ್ಡಿನಲ್ಲಿ ಇದನ್ನು ಅಚ್ಚು ಹಾಕಲಾಗದು. ಪದ್ಧತಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಶಿಕ್ಷಕರ ವಿವೇಚನೆಗೆ ಬಿಟ್ಟ ಜಾಗವಿದು.

ಪದ್ಧತಿ ಕೈಕೊಡುವುದು ಬಹುಪಾಲು ಸಣ್ಣ ಕಾರಣಗಳಿಗೆ. ಕಾರ್ಡು ಕಳೆದರೆ ಏಣಿಯ ಮೆಟ್ಟಿಲೇ ತಪ್ಪುತ್ತದೆ. ಸಹಪಾಠಿ ನೆರವಿನ ಹೆಸರಿನಲ್ಲಿ ಚುರುಕಾದ ಒಂದು ಮಗು ದಿನವಿಡೀ ಉಳಿದವರಿಗೆ ಉತ್ತರ ಬರೆದುಕೊಡುತ್ತಿರಬಹುದು. ಶಾಲೆ ಬಿಡುವ ಮುನ್ನ ಮಕ್ಕಳಿಂದಲೇ ಕಾರ್ಡುಗಳನ್ನು ಜೋಡಿಸಿಡಿಸುವ ರೂಢಿಯನ್ನು ಮೊದಲ ವಾರದಲ್ಲೇ ಹಾಕಬೇಕು. ಜೂನ್ ತಿಂಗಳಿನ ಸೇತುಬಂಧ, ಅಂದರೆ ಹಿಂದಿನ ಕಲಿಕೆಯನ್ನು ಅಳೆದು ಕೊರತೆ ತುಂಬುವ ಆರಂಭಿಕ ಕಾರ್ಯಕ್ರಮವನ್ನು, ಕಡತಕ್ಕೆಂದು ಮುಗಿಸದೆ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡಲು ಬಳಸಬೇಕು.

ಹೊಸಬರ ನೆರವಿಗೆ ಇಲಾಖೆಯಲ್ಲಿ ವ್ಯವಸ್ಥೆಯೇನೂ ಇಲ್ಲದಿಲ್ಲ. ಶಾಲೆಗಳ ಗುಂಪೊಂದಕ್ಕೆ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ತಾಲ್ಲೂಕಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಜಿಲ್ಲೆಗೆ ಡಯಟ್ ಎಂದು ಕರೆಯಲಾಗುವ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇವೆ. ಸಿಆರ್‌ಪಿಯ ಭೇಟಿ ಅಂಕಿಅಂಶ ಸಂಗ್ರಹಣೆಯಲ್ಲೇ ಕಳೆದುಹೋದರೆ ಈ ಏರ್ಪಾಡಿನ ಸತ್ವವೇ ಉಳಿಯುವುದಿಲ್ಲ. ಅವರು ಹಾಜರಿ ಪುಸ್ತಕವನ್ನು ಬದಿಗಿಟ್ಟು ಒಂದು ಪೂರ್ಣ ಅವಧಿ ಮಕ್ಕಳ ನಡುವೆ ಕುಳಿತು ಯಾವ ಗುಂಪು ಸುಮ್ಮನೆ ಕಾಲ ತಳ್ಳುತ್ತಿದೆ ಎಂದು ಗಮನಿಸಿ ತಿಳಿಸಿದರೆ, ಹಾಗೂ ಪಕ್ಕದೂರಿನ ಅನುಭವಿ ಶಿಕ್ಷಕರ ತರಗತಿಯನ್ನು ಬೆಳಗಿನಿಂದ ಬಿಸಿಯೂಟದವರೆಗೆ ನೋಡಿಬರಲು ಹೊಸಬರಿಗೆ ಮುಖ್ಯ ಶಿಕ್ಷಕರು ಅನುವು ಮಾಡಿಕೊಟ್ಟರೆ, ಐದು ದಿನಗಳ ಉಪನ್ಯಾಸ ತರಬೇತಿಗಿಂತ ಹೆಚ್ಚಿನ ಪ್ರಯೋಜನವಾದೀತು.