ದೋಣಿಮನೆಯ ಮೇಲೆ ಬಿಸಿಲು

ರೈಲು ಬೋಗಿಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ಉದ್ದವನ್ನು ಹಾಗೆಯೇ ಇಟ್ಟು, ಅಗಲವನ್ನು ಏಳು ಅಡಿಗೆ ಇಳಿಸಿ ನೀರಿನ ಮೇಲೆ ತೇಲಿಬಿಟ್ಟರೆ ಇಂಗ್ಲೆಂಡಿನ ‘ನ್ಯಾರೋಬೋಟ್’ ಆಗುತ್ತದೆ. ಅಲ್ಲಿ ಸಾವಿರಾರು ಮಂದಿ ಇಂಥ ದೋಣಿಗಳಲ್ಲೇ ವರ್ಷವಿಡೀ ಸಂಸಾರ ಹೂಡಿದ್ದಾರೆ. ಅಡುಗೆ, ಸ್ನಾನ, ನಿದ್ದೆ ಎಲ್ಲವೂ ಆ ಇಕ್ಕಟ್ಟಿನೊಳಗೆ. ಆದರೆ ಬಹಳಷ್ಟು ದೋಣಿಗಳಿಗೆ ದಡದಿಂದ ವಿದ್ಯುತ್ ತಂತಿ ಬರುವುದಿಲ್ಲ. ಹಾಗಿದ್ದರೆ ರಾತ್ರಿ ದೀಪ ಉರಿಯುವುದು ಹೇಗೆ?

ಉತ್ತರಕ್ಕೆ ಮೊದಲು ದೋಣಿಯ ಪೂರ್ವಕಥೆಯನ್ನು ಸ್ವಲ್ಪ ನೋಡಬೇಕು. 1761ರಲ್ಲಿ ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ಕಾಲುವೆ ತೆರೆಯಿತು. ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧದಷ್ಟು ಇಳಿಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಮುಂದೆ ಆತ ಯೋಜಿಸಿದ ಟ್ರೆಂಟ್-ಮರ್ಸಿ ಕಾಲುವೆಯಲ್ಲಿ, ನೀರಿನ ಮಟ್ಟವನ್ನು ಏರಿಸಿ ಇಳಿಸುವ ‘ಲಾಕ್’ಗಳನ್ನು ಸುಮಾರು ಏಳೇ ಅಡಿ ಅಗಲಕ್ಕೆ ಕಟ್ಟಲಾಯಿತು. ದೋಣಿಗಳೂ ಅದೇ ಅಳತೆಗೆ ಒಗ್ಗಿಕೊಂಡವು. ದಡದ ಮೇಲೆ ನಡೆಯುವ ಕುದುರೆ ಅವನ್ನು ಎಳೆಯುತ್ತಿತ್ತು. ರೈಲು ಬಂದ ಮೇಲೆ ಸರಕಿನ ಬಾಡಿಗೆ ಕುಸಿದು, ಎಷ್ಟೋ ಅಂಬಿಗರು ಹೆಂಡತಿ ಮಕ್ಕಳೊಡನೆ ದೋಣಿಯ ಹಿಂಬದಿಯ ಹತ್ತಡಿ ಕೋಣೆಯಲ್ಲೇ ಬದುಕಬೇಕಾಯಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಆ ಸರಕು ಸಾಗಣೆಯೂ ಬಹುಮಟ್ಟಿಗೆ ನಿಂತುಹೋಯಿತು.

ಇಂದು ದೋಣಿ ವಿಹಾರಕ್ಕೂ ಉಂಟು, ವಾಸಕ್ಕೂ ಉಂಟು. ಲಂಡನ್ನಿನಂಥ ಊರಿನಲ್ಲಿ ಮನೆ ಬಾಡಿಗೆ ಕೊಡಲಾರದೆ ದೋಣಿ ಹಿಡಿದವರೂ ಇದ್ದಾರೆ. 1995ರ ಕಾಯಿದೆಯಂತೆ, ಕಾಯಂ ತಂಗುದಾಣವಿಲ್ಲದ ದೋಣಿ ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಹೀಗೆ ಸರಿಯುತ್ತಲೇ ಇರುವ ಮನೆಗೆ ಮೀಟರು ಹಾಕುವವರು ಯಾರು? ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವುದು ಹಳೆಯ ದಾರಿ. ಅದಕ್ಕೆ ಖರ್ಚೂ ಉಂಟು, ಹೊಗೆಯೂ ಉಂಟು. ಪಕ್ಕದ ದೋಣಿಯವರ ನಿದ್ದೆ ಕೆಡದಿರಲೆಂದು ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಅದಕ್ಕೆ ನಿರ್ಬಂಧವೂ ಇದೆ. ಆದ್ದರಿಂದಲೇ ದೋಣಿಯ ಚಾವಣಿಗಳ ಮೇಲೆ ಸೌರಫಲಕಗಳು ಬಂದಿವೆ.

ವ್ಯವಸ್ಥೆ ಸರಳವಾದುದು. ಫಲಕದ ವಿದ್ಯುತ್ತು ನಿಯಂತ್ರಕದ ಮೂಲಕ ಹಾದು 12 ವೋಲ್ಟಿನ ಬ್ಯಾಟರಿಯಲ್ಲಿ ಸಂಗ್ರಹವಾಗುತ್ತದೆ. ಅದರಿಂದ ದೀಪ, ನೀರಿನ ಪಂಪು, ಫ್ರಿಜ್ಜು, ಫೋನು ನಡೆಯುತ್ತವೆ. ಎರಡು ಸಾವಿರ ವಾಟ್‌ನ ಕೆಟಲ್ ಹಾಕಿದರೆ ಮಾತ್ರ ಬ್ಯಾಟರಿ 160 ಆಂಪಿಯರಿಗೂ ಹೆಚ್ಚು ಕೊಡಬೇಕಾಗುತ್ತದೆ. ಹಾಗಾಗಿ ಚಹಾ ಕಾಯುವುದು ಸಾಮಾನ್ಯವಾಗಿ ಗ್ಯಾಸಿನ ಮೇಲೆಯೇ.

ಕಷ್ಟವಿರುವುದು ಸೂರ್ಯನ ಲೆಕ್ಕದಲ್ಲಿ. ಡಿಸೆಂಬರ್ ಕೊನೆಯ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿದ್ದರೆ, ಲಂಡನ್ನಿನಲ್ಲಿ ಬರೀ 15 ಡಿಗ್ರಿ. ಹಗಲು ಎಂಟು ಗಂಟೆಯೂ ಇಲ್ಲ, ಅದರ ಮೇಲೆ ಮೋಡ. ಚಾವಣಿಯ ಮೇಲೆ ಮಲಗಿಸಿದ 400 ವಾಟ್ ಫಲಕಗಳು ಜೂನ್‌ನಲ್ಲಿ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಕೊಟ್ಟರೆ, ಡಿಸೆಂಬರಿನಲ್ಲಿ ಅದರ ಹತ್ತನೆಯ ಒಂದು ಪಾಲು ಕೊಡುತ್ತವೆ. ಸಣ್ಣ ಫ್ರಿಜ್ಜಿಗೇ ದಿನಕ್ಕೆ ಅರ್ಧ ಯೂನಿಟ್ ಬೇಕು. ದೀಪ ಹೆಚ್ಚು ಹೊತ್ತು ಉರಿಯಬೇಕಾದ ತಿಂಗಳಲ್ಲೇ ಗಳಿಕೆ ಹೀಗೆ ತೀರ ಕಡಿಮೆ.

ಫಲಕವನ್ನು ದಕ್ಷಿಣಕ್ಕೆ ಓರೆ ಮಾಡಿದರೆ ಗಳಿಕೆ ಹೆಚ್ಚುವುದು ನಿಜ. ಆದರೆ ದೋಣಿ ಮುಖ ಮಾಡುವುದು ಕಾಲುವೆ ತಿರುಗಿದತ್ತ. ತಗ್ಗು ಸೇತುವೆ, ಸುರಂಗ ಬಂದರೆ ಎತ್ತಿದ ಫಲಕವನ್ನು ಮಡಚಬೇಕು. ಇನ್ನು ಬೇಸಿಗೆಯಲ್ಲಿ ಮರದಡಿ ಕಟ್ಟಿದ ದೋಣಿ ತಂಪಾಗಿರುತ್ತದೆ, ಬ್ಯಾಟರಿ ಬರಿದಾಗುತ್ತದೆ. ಫಲಕದ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಇಡೀ ಫಲಕದ ಉತ್ಪಾದನೆ ಕುಗ್ಗಬಹುದು.

ಲೆಕ್ಕ ತಪ್ಪಿದರೆ ನಷ್ಟ ಒಂದು ರಾತ್ರಿಯ ಕತ್ತಲೆಗೆ ಮುಗಿಯುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಮತ್ತೆ ಮತ್ತೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕುಗ್ಗುತ್ತದೆ. ವಾರಗಟ್ಟಲೆ ಪೂರ್ತಿ ತುಂಬದೆ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಬ್ಯಾಟರಿಯೇ ಕೆಡುತ್ತದೆ. ಲಿಥಿಯಂ ಬ್ಯಾಟರಿ ಇದನ್ನು ತಾಳಿಕೊಳ್ಳುತ್ತದೆ. ಆದರೆ ಅದನ್ನು ಕೊಳ್ಳಲು ಹೆಚ್ಚು ಹಣ ಬೇಕು, ಕೊರೆಯುವ ಚಳಿಯಲ್ಲಿ ಅದಕ್ಕೆ ಚಾರ್ಜ್ ಮಾಡುವಂತಿಲ್ಲ. ಬಾಡಿಗೆಗೆ ಹೆದರಿ ದೋಣಿಗೆ ಬಂದವರಿಗೆ ಇದು ಸಣ್ಣ ಮಾತಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಈ ದೋಣಿಗಳಲ್ಲಿ ನಿತ್ಯದ ಕಟ್ಟಳೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಬ್ಯಾಟರಿಯ ಮಟ್ಟವನ್ನು, ಆಮೇಲೆ ಆಕಾಶವನ್ನು. ಅದರ ಮೇಲೆ ದಿನದ ಖರ್ಚು ನಿಶ್ಚಯವಾಗುತ್ತದೆ. ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ಎಂಜಿನ್ನಿಗೆ ಬಹುಪಾಲು ಬಿಡುವು. ಚಳಿಗಾಲಕ್ಕೆ ಮತ್ತೆ ಡೀಸೆಲ್ಲೇ ಗತಿ. ಕೋಣೆಯನ್ನು ಬೆಚ್ಚಗಿಡುವ ಕೆಲಸವಂತೂ ಆ ಫಲಕಗಳಿಂದ ಆಗದು. ಅದಕ್ಕೆ ಇಂದಿಗೂ ಕಬ್ಬಿಣದ ಒಲೆಯಲ್ಲಿ ಸೌದೆಯೋ ಕಲ್ಲಿದ್ದಲಿನ ಉಂಡೆಯೋ ಉರಿಯಬೇಕು. ಒಂದು ಕಾಲಕ್ಕೆ ಊರಿಗೆಲ್ಲ ಕಲ್ಲಿದ್ದಲು ಹೊತ್ತ ದೋಣಿ, ಈಗ ತನ್ನೊಂದು ಒಲೆಗೆ ಬೇಕಾದಷ್ಟನ್ನು ಚೀಲದಲ್ಲಿ ತುಂಬಿ, ಫಲಕಗಳ ಪಕ್ಕದಲ್ಲೇ ಚಾವಣಿಯ ಮೇಲೆ ಇಟ್ಟುಕೊಂಡು ಸಾಗುತ್ತದೆ.